ಅಪ್ಪನ ಕೈ

ಪುಣೆ
೧೨ ಜನವರಿ ೨೦೨೪

ಪ್ರೀತಿಯ ಅಣ್ಣನಿಗೆ ತಂಗಿ ಮನಿಷಾಳ ನಮಸ್ಕಾರ.

ನಿನ್ನೆ ಫೋನಿನಲ್ಲಿ "ಚಿತ್ರಗಳ ಪ್ರದರ್ಶನ ಐತಿ" ಎಂದು ಮೂರು ಸಲ ಕೂಗಿದೆ. ಮೂರು ಸಲವೂ ನೀನು "ಹೌದು, ಇಲ್ಲೂ ಥಂಡಿ ಭಾಳ" ಎಂದೆ. ನಾವು ದುಡ್ಡು ಹಾಕಿ ತಂದ ಕಿವಿಯ ಮಿಷನ್ನು ಕಪಾಟಿನಲ್ಲಿ ಕುಳಿತು ದೇವರಾಗಿದೆ ಎಂದು ನಿನ್ನ ಹೆಂಡತಿಯೇ, ನಮ್ಮ ವೈನಿಯೇ, ಹೇಳಿದರು. ಆದ್ದರಿಂದ ಈ ಪತ್ರ. ಮೂವತ್ತೈದು ವರ್ಷ ಕನ್ನಡ ಸಾಲೆಯಲ್ಲಿ ಮಕ್ಕಳ ಕಾಗುಣಿತ ತಿದ್ದಿದ ಮಾಸ್ತರನಿಗೆ ಬರೆಯಲು ಅಂಜಿಕೆ ಆಗುತ್ತದೆ. ಇಲ್ಲಿ ನಾನು ಚಿತ್ರಕಲೆ ಕಲಿಸುವುದು ಮರಾಠಿಯಲ್ಲಿ, ಮಕ್ಕಳನ್ನು ಬೈಯುವುದೂ ಮರಾಠಿಯಲ್ಲಿ. ಕನ್ನಡ ಉಳಿದಿರುವುದು ನಿನಗೊಬ್ಬನಿಗೇ.

ಮಾರ್ಚ್ ಇಪ್ಪತ್ನಾಲ್ಕಕ್ಕೆ ಪ್ರದರ್ಶನ. ಹದಿನಾಲ್ಕು ಚಿತ್ರ, ಎಲ್ಲವೂ ತಿಕೋಂಡಿಯ ನಮ್ಮ ಮನೆಯವೇ. ಅವ್ವ ಕಂಬಳಿಗೆ ಹುಣಸೆ ಬೀಜದ ಗಂಜಿ ಎಳೆಯುವುದು, ಅಪ್ಪ ಕುರಿಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಹಳ್ಳ ದಾಟುವುದು. ನೀನೂ ಇದ್ದೀಯ. ಕುರಿ ಮಂದಿಯ ಹೊಲದಲ್ಲಿ, ನೀನು ವ್ಯಾಕರಣದ ಪುಸ್ತಕದಲ್ಲಿ!

ಕೈ ನಿಲ್ಲುತ್ತಿಲ್ಲ ಅಣ್ಣ. ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಕುಂಚ ಹಿಡಿಯುತ್ತೇನೆ. ಮುಗಿಯಿತು ಎಂದುಕೊಂಡ ಚಿತ್ರವನ್ನು ಮಧ್ಯಾಹ್ನಕ್ಕೆ ಮತ್ತೆ ಕೆರೆಯುತ್ತೇನೆ. ಏನೋ ಒಂದು ಸರಿ ಕೂಡುತ್ತಿಲ್ಲ. ನೀನು ಎರಡು ಸಂಗತಿ ಬರೆದು ಕಳಿಸು. ಉಣ್ಣೆ ಕತ್ತರಿಸುವ ದಿನ ಏನೇನು ಆಗುತ್ತಿತ್ತು, ಒಂದೂ ಬಿಡದೆ. ಮತ್ತೆ, ಅಪ್ಪನ ತಂಗಿ ಸಂಗವ್ವತ್ತಿ ನನಗೆ ಆರು ವರ್ಷವಿದ್ದಾಗ, ಅಂಥದೇ ಒಂದು ದಿನದ ಮರುದಿನ ಹೋದವಳು ಯಾಕೆ ತಿರುಗಿ ಬರಲಿಲ್ಲ?

ನಿನ್ನ
ಮನಿಷಾ


ತಿಕೋಂಡಿ
೨೧ ಜನವರಿ ೨೦೨೪

ಚಿರಂಜೀವಿ ಮನಿಷಾಳಿಗೆ ಅಣ್ಣ ಅಮಸಿದ್ದನ ಆಶೀರ್ವಾದಗಳು.

ಪತ್ರ ಮುಟ್ಟಿತು. ತಪ್ಪು ಏಳು. ಪಟ್ಟಿ ಮಾಡಿ ಇಟ್ಟಿದ್ದೇನೆ, ಬಂದಾಗ ಕೊಡುತ್ತೇನೆ. ನನ್ನ ಕುರಿ ಮಂದಿಯ ಹೊಲಕ್ಕೆ ಹೋದದ್ದು ಒಂದೇ ಸಲ, ಅದೂ ಎರಡು ಸಾಲು ಜೋಳ. ಅದನ್ನು ಪುಣೆಯ ಗೋಡೆಗೆ ತೂಗುಹಾಕುವ ಅವಶ್ಯಕತೆ ಏನಿತ್ತು?

ಉಣ್ಣೆ ಕತ್ತರಿಸುವ ದಿನದ ವಿಷಯ. ಮುಂಜಾನೆ ಹಳ್ಳದಲ್ಲಿ ಕುರಿಗಳ ಮೈ ತೊಳೆದು ಬಿಸಿಲಿಗೆ ಬಿಡಬೇಕು. ಒಣಗಿದ ಮೇಲೆ ಕಾಲು ಕಟ್ಟಿ ಮಲಗಿಸಿ ಕತ್ತರಿ ಹಾಕಬೇಕು. ನಮ್ಮ ಹಿಂಡು, ರೇವಣ್ಣನವರ ಹಿಂಡು ಎರಡೂ ಒಂದೇ ಹಳ್ಳಕ್ಕೆ ಬರುತ್ತಿದ್ದವು. ಉಣ್ಣೆ ಹೋಯಿತೆಂದರೆ ಹಳೆಯ ಗುರುತೂ ಹೋಯಿತು, ಎಲ್ಲರ ಕುರಿಯೂ ಒಂದೇ ಬಣ್ಣ, ಒಂದೇ ಮುಖ. ಅದಕ್ಕೇ ಅದೇ ದಿನ ಕೆಮ್ಮಣ್ಣು ನೆನೆಸಿ ಹೊಸ ಗುರುತು ಹಚ್ಚುವುದು. ನಮ್ಮದು ಬೆನ್ನಿನ ಮೇಲೆ ಅಡ್ಡ ಪಟ್ಟಿ, ರೇವಣ್ಣನವರದು ಕುತ್ತಿಗೆಯಲ್ಲಿ. ಹಚ್ಚುವ ಮುಂಚೆ ಕಿವಿ ನೋಡಬೇಕು. ನಮ್ಮ ಕುರಿಗೆ ಎಡಗಿವಿ ಸೀಳು, ಅವರ ಕುರಿಗೆ ಬಲಗಿವಿ.

ಕೆಮ್ಮಣ್ಣು ಹಚ್ಚುವ ಕೈ ಮಾತ್ರ ಮನೆಮಗಳದೇ ಆಗಬೇಕು. ನಮ್ಮ ಮನೆತನದ ಪದ್ಧತಿ ಅದು. ಅವಳನ್ನು ಕೊಟ್ಟ ಮನೆಯಿಂದ ಕರೆತಂದು, ಹೊಸ ಕುಪ್ಪಸ ಉಡಿಯಲ್ಲಿ ಹಾಕಿ, ಕೆಮ್ಮಣ್ಣಿನ ಬೋಗುಣಿ ಅವಳ ಕೈಗೆ ಕೊಡುತ್ತಿದ್ದರು. ಅವಳ ಕೈ ಬಿದ್ದರೆ ಹಿಂಡು ಹೆಚ್ಚುತ್ತದೆ ಎಂದು ನಂಬಿಕೆ. ಗಂಡಸರು ಆ ಬೋಗುಣಿ ಮುಟ್ಟುವಂತಿರಲಿಲ್ಲ.

ಸಂಗವ್ವತ್ತಿಯ ವಿಷಯ ಹಳೆಯದು. ಮನೆ ಎಂದ ಮೇಲೆ ಒಂದು ಮಾತು ಬರುತ್ತದೆ, ಹೋಗುತ್ತದೆ. ಚಿತ್ರಕ್ಕೆ ಅದೆಲ್ಲ ಯಾಕೆ?

ಹಳೆಯ ವಿದ್ಯಾರ್ಥಿಗಳು ಸೇರಿ ಯುಗಾದಿಗೆ ನನಗೊಂದು ಸತ್ಕಾರ ಇಟ್ಟುಕೊಂಡಿದ್ದಾರೆ. ಬೇಡವೆಂದರೂ ಕೇಳಲಿಲ್ಲ. ನೀನು ಬರಲೇಬೇಕು.

ಇತಿ
ಅಮಸಿದ್ದ


ಪುಣೆ
೨೯ ಜನವರಿ ೨೦೨೪

ಅಣ್ಣಾ,

ಏಳು ತಪ್ಪು ಕಂಡವು, ಒಂದು ಪ್ರಶ್ನೆ ಮಾತ್ರ ಕಾಣಲಿಲ್ಲ. ನಿನ್ನದು ಕಿವುಡೋ, ಜಾಣಕಿವುಡೋ?

ನೀನು ಹೇಳದಿದ್ದರೆ ನಾನೇ ಹೇಳುತ್ತೇನೆ, ಓದು. ಆ ಸಂಜೆ ಅವ್ವ ನನ್ನನ್ನು ಒಳಗೆ ಕೂರಿಸಿ ಬಾಗಿಲು ಮುಂದೆ ಮಾಡಿದ್ದಳು. ಹಿತ್ತಲ ಬಾಗಿಲ ಸಂದಿಯಿಂದ ಇಣುಕಿದೆ. ಬಚ್ಚಲ ಕಲ್ಲಿನ ಮೇಲೆ ಅತ್ತಿ ನನಗೆ ಬೆನ್ನು ಮಾಡಿ ಕುಳಿತಿದ್ದಳು. ಬೆನ್ನೆಲ್ಲ ಕೆಂಪು. ಹಿಂದೆ ಅಪ್ಪ. ಅವನ ಕೈ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಅಂಗೈ ಕೆಂಪಾಗಿತ್ತು. ಅತ್ತಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಅಷ್ಟರಲ್ಲಿ ಅವ್ವ ಬಂದು ನನ್ನ ಕಣ್ಣು ಮುಚ್ಚಿದಳು. ಬೆಳಗಾದರೆ ಅತ್ತಿ ಇರಲಿಲ್ಲ.

ಆಮೇಲೆ ಅಪ್ಪ ನನ್ನ ತಲೆ ಸವರಿದಾಗೆಲ್ಲ ಮೈ ಬಿಗಿಯುತ್ತಿತ್ತು. ಸಾಯುವ ಹಿಂದಿನ ದಿನ ಮಂಚದಿಂದ ನನ್ನ ಕಡೆಗೆ ಕೈ ಚಾಚಿದ. ನೀರು ಬೇಕೇನೋ ಎಂಬಂತೆ ಲೋಟ ಕೊಟ್ಟೆ. ನೀರು ಬೇಡವೆಂದು ನನಗೆ ಗೊತ್ತಿತ್ತು. ಕೈ ಹಿಡಿಯಲಿಲ್ಲ. ಹದಿನೈದು ವರ್ಷವಾಯಿತು.

ಆ ಸಂಜೆಯನ್ನೇ ಬರೆದಿದ್ದೇನೆ. ಹದಿನಾಲ್ಕರಲ್ಲಿ ಅದೇ ದೊಡ್ಡದು, ಅದೇ ಎಲ್ಲರನ್ನೂ ಹಿಡಿದು ನಿಲ್ಲಿಸುತ್ತದೆ. ಹೆಸರು 'ಅಪ್ಪನ ಕೈ'. ಫೋಟೋ ಇಟ್ಟಿದ್ದೇನೆ ನೋಡು. ಆಮಂತ್ರಣದ ಕಾರ್ಡಿನ ಮೇಲೆ ಇದನ್ನೇ ಹಾಕುತ್ತಿದ್ದೇವೆ.

ಮನಿಷಾ


ತಿಕೋಂಡಿ
೬ ಫೆಬ್ರುವರಿ ೨೦೨೪

ಮನಿಷಾ,

ಪಾಕೀಟು ಒಡೆದಾಗ ನಿನ್ನ ವೈನಿ ಪಕ್ಕದಲ್ಲೇ ಇದ್ದಳು. ಫೋಟೋ ನೋಡಿ "ಮಾವಾರು ಹಿಂಗಿದ್ರೇನ್ರಿ?" ಎಂದು ಕೇಳಿದಳು. ಫೋಟೋವನ್ನು ತಿರುಗಿ ಪಾಕೀಟಿನೊಳಗೆ ಹಾಕಿದೆ.

ಬಸಗೊಂಡನ ಮಗಳು ನೀನು. ಅಪ್ಪ ಕುರಿಗೂ ಕೋಲು ತಾಗಿಸಿದವನಲ್ಲ. ನೀನು ಕಂಡದ್ದು ರಕ್ತವಲ್ಲ, ಕೆಮ್ಮಣ್ಣು. ಆ ದಿನ ರೇವಣ್ಣನವರ ನಾಲ್ಕು ಕುರಿ ನಮ್ಮ ಹಿಂಡಿನಲ್ಲಿ ಬೆರೆತು, ಅವುಗಳಿಗೆ ನಮ್ಮ ಗುರುತು ಬಿದ್ದಿತ್ತು. ಗುರುತು ಹಚ್ಚುವವಳು ಅತ್ತಿ. ಊರ ಹಿರಿಯರು ಹಟ್ಟಿಗೇ ಬಂದು ಕೇಳಿದರು. ರೇವಣ್ಣನ ತಾಯಿ ಸಿಟ್ಟಿನಿಂದ ಬೋಗುಣಿ ಕಸಿದುಕೊಂಡು, ಉಳಿದ ಕೆಮ್ಮಣ್ಣನ್ನೆಲ್ಲ ಅತ್ತಿಯ ಬೆನ್ನಿಗೆ ಸುರಿದು ಬಳಿದಳು. "ಈಕಿನೂ ನಿಮ್ಮ ಕುರಿ, ಹೊಡಕೊಂಡು ಹೋಗ್ರಿ" ಎಂದಳು. ಈ ಹೆಣ್ಣುಮಗಳ ಕಾಲು ಇನ್ನು ಈ ಹಟ್ಟಿಯಲ್ಲಿ ಬೀಳಬಾರದು ಎಂದು ಹಿರಿಯರು ತೀರ್ಮಾನ ಕೊಟ್ಟರು. ಸಂಜೆ ಅಪ್ಪ ಅದನ್ನು ತೊಳೆಯುತ್ತಿದ್ದ. ನೀನು ನೋಡಿದ್ದು ಅದನ್ನು.

ಊರವರು ನಿನ್ನ ಮುಂದೆ ಈ ಮಾತು ಎತ್ತಲಿಲ್ಲ, ಮಾಸ್ತರನ ತಂಗಿ ಎಂದು. ಅತ್ತಿ ತಪ್ಪು ಮಾಡಿದಳು, ಒಪ್ಪಿಕೊಂಡಳು, ಹೋದಳು. ಮುಗಿಯಿತು.

ಚಿತ್ರವನ್ನು ಇಳಿಸು. ಸತ್ತವನು ಎದ್ದು ಬಂದು ತನ್ನ ಮಾತು ಹೇಳಲಾರ.

ಅಮಸಿದ್ದ


ಪುಣೆ
೧೩ ಫೆಬ್ರುವರಿ ೨೦೨೪

ಅಣ್ಣಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ನಿಜ ಇರಬಹುದೇ ಎಂದಲ್ಲ, ನೀನು ಇಷ್ಟು ಸಲೀಸಾಗಿ ಬರೆದೆಯಲ್ಲ ಎಂದು.

ಈಗ ನಾನು ಮುಚ್ಚಿಟ್ಟದ್ದನ್ನೂ ಕೇಳು. ದೀಪಾವಳಿಗೆ ಬಂದಾಗ ಜತ್ತಕ್ಕೆ ಬಣ್ಣ ತರಲು ಹೋಗುತ್ತೇನೆ ಎಂದು ಹೇಳಿ ಹೋದೆನಲ್ಲ, ಹೋದದ್ದು ದರಿಬಡಚಿಗೆ. ಸಂಗವ್ವತ್ತಿಯ ಮನೆ ಹುಡುಕಿಕೊಂಡು. ಮೊಮ್ಮಗಳು ಕಾಜಲ್ ಬಾಗಿಲು ತೆಗೆದಳು. ಅತ್ತಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿದ್ದೇ, "ಬಸಗೊಂಡನ ನಡಿಗಿ ಐತಿ ನಿಂದು, ಬಾ" ಎಂದಳು. ಮೂವತ್ತೇಳು ವರ್ಷದ ಮೇಲೆ! ರೊಟ್ಟಿ ಮಾಡಿಸಿದಳು, ನನ್ನ ಬೆರಳಿನ ಬಣ್ಣ ನೋಡಿ "ಇದು ಹೋಗೂದಿಲ್ಲೇನು?" ಎಂದು ತನ್ನ ಸೆರಗಿನಿಂದ ಒರೆಸಿದಳು.

ಉಂಡಾದ ಮೇಲೆ ಕೇಳಿದೆ, "ಅತ್ತಿ, ಅವತ್ತು ಅಪ್ಪ ನಿನಗ ಹೊಡದನೇನು?" ಎಂದು.

ಅವಳು ಮೊರ ಕೆಳಗಿಟ್ಟಳು. "ಅಮಸಿದ್ದ ಏನಂತಾನ?" ಎಂದಳು.

"ಅವ ಏನೂ ಹೇಳೂದಿಲ್ಲ" ಎಂದೆ.

ಕೆಳಗಿಟ್ಟ ಮೊರವನ್ನು ಮತ್ತೆ ಎತ್ತಿಕೊಂಡು ಜೋಳ ಕೇರಿದಳು. ಆಮೇಲೆ, "ಹ್ಞೂಂ, ಹೊಡದಾ. ನಿಮ್ಮಪ್ಪ ಹೊಡದಾ. ಸಿಟ್ಟ ಬಂದಿತ್ತು, ಹೊಡದಾ" ಎಂದಳು. ಮೂರು ಸಲ ಹೇಳಿದಳು.

ಈಗ ಹೇಳು, ಬೆನ್ನು ಯಾರದು? ಅವಳದೋ, ನಿನ್ನದೋ? ಸತ್ತ ಅಪ್ಪನ ಹೆಸರು ಉಳಿಸಲು ಬದುಕಿರುವ ಅತ್ತಿಯನ್ನು ಕಳ್ಳಿ ಮಾಡುತ್ತಿದ್ದೀಯ. ದರಿಬಡಚಿ ನಿನ್ನ ಮನೆಯಿಂದ ಒಂದು ಬಸ್ಸಿನ ದಾರಿ. ಒಮ್ಮೆಯಾದರೂ ಹೋಗಿದ್ದೀಯಾ?

ಕಾರ್ಡುಗಳು ಮುದ್ರಣವಾಗಿವೆ. ಚಿತ್ರ ಇಳಿಯುವುದಿಲ್ಲ.

ಮನಿಷಾ


ತಿಕೋಂಡಿ
೨ ಮಾರ್ಚ್ ೨೦೨೪

ತಂಗಿ,

ನಿನ್ನ ಪತ್ರಕ್ಕೆ ಹದಿನೈದು ದಿನದಿಂದ ಉತ್ತರ ಬರೆಯುತ್ತಿದ್ದೇನೆ. ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ಕುಳಿತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯುವುದಿಲ್ಲ. ಮೂರು ಸಲ ಬಸ್ ಸ್ಟ್ಯಾಂಡಿಗೆ ಹೋಗಿ ತಿರುಗಿ ಬಂದೆ. "ಏನ್ರಿ, ಮೈಯಾಗ ಇರುವಿ ಬಿಟ್ಟಂಗ ಮಾಡಾಕತ್ತೀರಿ" ಎಂದು ನಿನ್ನ ವೈನಿ ಬೈದಳು. ನಾಲ್ಕನೆಯ ಸಲ ಬಸ್ಸು ಹತ್ತಿದೆ. ಹೋಗುವ ಮುಂಚೆ ಕಪಾಟಿನಿಂದ ಮಿಷನ್ ತೆಗೆದು ಕಿವಿಗೆ ಹಾಕಿಕೊಂಡೆ. ಅವಳ ಮಾತು ಪೂರ್ತಿ ಕೇಳಬೇಕಿತ್ತು.

ಅತ್ತಿ ನನಗಿಂತ ಎಂಟೇ ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗಿದವಳು. ಈಗ ಬಗ್ಗಿ ನಡೆಯುತ್ತಾಳೆ. "ಬಾ ಮಾಸ್ತರ, ಕುಂದ್ರು" ಎಂದಳು, ನಿನ್ನೆಯಷ್ಟೇ ಬಂದು ಹೋದವನಿಗೆ ಹೇಳಿದ ಹಾಗೆ.

"ಅತ್ತಿ, ಅಪ್ಪ ಹೊಡದಾ ಅಂತ ಮನಿಷಾನ ಮುಂದ ಯಾಕ ಹೇಳಿದಿ?" ಎಂದು ಕೇಳಿದೆ.

"ಮತ್ತೇನ ಹೇಳ್ಬೇಕಿತ್ತಪಾ? ಆ ಹುಡುಗಿ ಕೆದಕಾಕತ್ತಿತ್ತು. ಯಾರದರ ಒಬ್ಬರ ಹೆಸರ ಹೇಳ್ಬೇಕಿತ್ತು. ನಮ್ಮಣ್ಣ ಸತ್ತ ಹೋಗ್ಯಾನ, ಅವಂಗ ಏನ ಹತ್ತತೈತಿ? ನೀ ಇನ್ನಾ ಊರಾಗ ತಿರಗ್ಯಾಡಾಂವ. ಮಾಸ್ತರ" ಎಂದಳು.

ಮನಿಷಾ, ಆ ನಾಲ್ಕು ಕುರಿಗೆ ಗುರುತು ಹಚ್ಚಿದವನು ನಾನು.

ಹಟ್ಟಿಯ ಮೂಲೆಯಲ್ಲಿ ಒಂದು ಕುರಿ ಈಯಲು ಒದ್ದಾಡುತ್ತಿತ್ತು, ಅತ್ತಿ ಅದರ ಹತ್ತಿರ ಕೂರಬೇಕಾಯಿತು. "ಯಾರಿಗೂ ಹೇಳಬ್ಯಾಡ, ಉಳಿದವಕ್ಕ ನೀ ಹಚ್ಚು" ಎಂದು ಬೋಗುಣಿ ನನ್ನ ಕೈಗೆ ಕೊಟ್ಟಳು. ನನಗೆ ಇಪ್ಪತ್ತೆರಡು. ಮರುದಿನ ಸಾಂಗ್ಲಿಯಲ್ಲಿ ಮಾಸ್ತರಿಕೆಯ ನೌಕರಿಗೆ ಮುಲಾಖತ್, ಸಂದರ್ಶನ. ಗಡಿಬಿಡಿಯಲ್ಲಿ ಕಿವಿ ನೋಡದೆ ಹಚ್ಚುತ್ತ ಹೋದೆ. ಒಂದಕ್ಕೆ ಹಚ್ಚಿದ ಮೇಲೆ ನೋಡಿದರೆ ಬಲಗಿವಿ ಸೀಳು. ಆಗಲೇ ತೊಳೆದು ಬಿಡಬೇಕಿತ್ತು. ಪಕ್ಕದಲ್ಲೇ ಇನ್ನೂ ಮೂರು ನಿಂತಿದ್ದವು, ಮೈ ತುಂಬಿದ ಹರೆಯದ ಕುರಿಗಳು. ಅವುಗಳ ಕಿವಿ ನೋಡಿ, ತಿಳಿದೂ ತಿಳಿದೂ ಹಚ್ಚಿದೆ. ಮೊದಲನೆಯದು ತಪ್ಪು, ಉಳಿದ ಮೂರು ಕಳವು. ಯಾಕೆ ಮಾಡಿದೆ ಎಂದು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಯಾರೂ ನೋಡುತ್ತಿರಲಿಲ್ಲ, ಅಷ್ಟೇ ಕಾರಣ.

ಹಿರಿಯರು "ಯಾರ ಕೈ?" ಎಂದು ಕೇಳಿದಾಗ ನಾನು ಎಲ್ಲರ ಹಿಂದೆ ನಿಂತಿದ್ದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಅಂಗೈ ಇನ್ನೂ ಕೆಂಪಾಗಿತ್ತು. ಪೊಲೀಸ್ ಪಾಟೀಲರೂ ಅಲ್ಲಿದ್ದರು. ಒಳ್ಳೆಯ ನಡತೆಯವನು ಎಂದು ಅವರು ದಾಖಲೆ ಬರೆದುಕೊಡದಿದ್ದರೆ ನೌಕರಿ ಇಲ್ಲ. ಅತ್ತಿ ಒಂದು ಸಲ ನನ್ನ ಕಡೆ ನೋಡಿದಳು. "ನಂದ್ರಿ. ನಾನ ಹಚ್ಚೀನಿ" ಎಂದಳು. ಮನೆಮಗಳಲ್ಲದೆ ಬೇರೆ ಯಾರೂ ಬೋಗುಣಿ ಮುಟ್ಟುವುದಿಲ್ಲ ಎಂದು ಊರಿಗೇ ಗೊತ್ತು. ಎಲ್ಲರೂ ನಂಬಿದರು.

ಅತ್ತಿಯನ್ನು ಬಚ್ಚಲಿಗೆ ಕರೆದೊಯ್ಯುವ ಮುಂಚೆ ಅಪ್ಪನ ಮುಂದೆ ಎಲ್ಲ ಹೇಳಿದೆ. ಅವನು ಬಹಳ ಹೊತ್ತು ನನ್ನ ಕೈ ನೋಡಿದ. "ನಾಳಿ ಸಾಂಗ್ಲಿಗಿ ಹೋಗು" ಎಂದ. ಆಮೇಲೆ ನೀರು ತೆಗೆದುಕೊಂಡು ಹೋದ. ಅಪ್ಪ ಹೊಡೆಯಲಿಲ್ಲ ಮನಿಷಾ. ಆದರೆ ನನ್ನ ಸಲುವಾಗಿ ಬಾಯಿ ಮುಚ್ಚಿಕೊಂಡ, ಹೊತ್ತು ಮೂಡುವ ಮುಂಚೆ ತಂಗಿಯನ್ನು ಬಸ್ಸಿಗೆ ಹತ್ತಿಸಿದ. ಪಂಚಮಿಗೂ ಅವಳನ್ನು ಕರೆಯಲಿಲ್ಲ. ಅವಳ ತವರು ಅಂದಿಗೆ ಮುಗಿಯಿತು, ನನಗೆ ನೌಕರಿ ಬಂತು.

"ಅತ್ತಿ ತಪ್ಪು ಮಾಡಿದಳು" ಎಂದು ಹಿಂದಿನ ಪತ್ರದಲ್ಲಿ ಬರೆದೆ. ಅರವತ್ತರ ವಯಸ್ಸಿನಲ್ಲಿ, ಯಾರ ತಪ್ಪು ಎಂದು ಯಾರೂ ಕೇಳದಿದ್ದರೂ, ಮತ್ತೊಮ್ಮೆ ಅವಳ ಮೇಲೆ ಹಾಕಿದೆ. ಅದಕ್ಕೆ ನಾಚಿಕೆಯಾಗುತ್ತದೆ. ಚಿತ್ರವನ್ನು ಇಳಿಸು ಎಂದು ಈಗ ಹೇಳಲಾರೆ. ಹೇಳುವ ಅಧಿಕಾರ ನನಗಿಲ್ಲ.

ಅಮಸಿದ್ದ


ಪುಣೆ
೮ ಮಾರ್ಚ್ ೨೦೨೪

ಅಣ್ಣಾ,

ಪತ್ರ ಬಂದ ದಿನ ಓದಿದೆ. ಎರಡು ದಿನ ಕುಂಚ ಮುಟ್ಟಲಿಲ್ಲ. ಸಾಲೆಗೆ ರಜೆ ಹಾಕಿ ಊರೆಲ್ಲ ನಡೆದೆ.

ನಿನ್ನನ್ನು ಬೈಯಬೇಕೆಂದು ಕುಳಿತೆ. ಮಾತುಗಳು ಬರುತ್ತಲೂ ಇದ್ದವು. ಆದರೆ ಪ್ರತಿ ಮಾತಿನ ಹಿಂದೆ ಅಪ್ಪ ಮಂಚದಿಂದ ಕೈ ಚಾಚುತ್ತಾನೆ, ನಾನು ಲೋಟ ಕೊಡುತ್ತೇನೆ. ಅವನಿಗೆ ನನ್ನ ಮನಸ್ಸಿನಲ್ಲಿ ಏನಿದೆಯೆಂದು ಗೊತ್ತಿತ್ತೇ? ಗೊತ್ತಿದ್ದೂ ನಿನಗಾಗಿ ಸುಮ್ಮನಿದ್ದನೇ? ಕ್ಷಮಿಸಿದೆ ಎಂದು ಬರೆಯಲು ಇವತ್ತು ನನ್ನಿಂದ ಆಗುವುದಿಲ್ಲ. ಮುಂದೆ ಆದೀತು. ಸುಳ್ಳು ಬರೆಯುವುದು ಬೇಡ, ನಮ್ಮ ಮನೆಯಲ್ಲಿ ಈಗಾಗಲೇ ಸಾಕಷ್ಟಾಗಿದೆ.

ಮೂರನೆಯ ದಿನ ಚಿತ್ರದ ಮುಂದೆ ನಿಂತೆ. ಮೊದಲಿನಿಂದ ಸರಿ ಕೂಡದೆ ಕಾಡುತ್ತಿದ್ದದ್ದು ಏನೆಂದು ಆಗ ತಿಳಿಯಿತು. ಅತ್ತಿಯ ಹೆಗಲನ್ನು ನಾನು ಏಟಿಗೆ ಮುದುಡಿದಂತೆ ಬರೆಯಲು ಎಷ್ಟು ಒದ್ದಾಡಿದರೂ ಅದು ಸಡಿಲವಾಗಿಯೇ ಬರುತ್ತಿತ್ತು. ನನ್ನ ಕಣ್ಣು ಸರಿಯಾಗಿಯೇ ನೋಡಿತ್ತು, ತಲೆ ಬೇರೆ ಹೇಳಿತ್ತು. ಅಪ್ಪನ ಇನ್ನೊಂದು ಕೈಗೆ ತಂಬಿಗೆ ಕೊಟ್ಟೆ. ಕತ್ತಲಲ್ಲಿಟ್ಟಿದ್ದ ಅವನ ಮುಖವನ್ನು ಬೆಳಕಿಗೆ ತಂದೆ. ಮಾಡುವಾಗ ಬಹಳ ಅತ್ತೆ ಅಣ್ಣ. ಕಾರ್ಡಿನ ಮೇಲೆ ಹಳೆಯದೇ ಉಳಿಯುತ್ತದೆ, ಬಂದವರು ಎರಡನ್ನೂ ನೋಡಲಿ.

ಹಿಂದೆ, ಗೋಡೆಯ ಹತ್ತಿರ, ಇನ್ನೊಬ್ಬನನ್ನು ನಿಲ್ಲಿಸಿದ್ದೇನೆ. ಎರಡೂ ಕೈ ಬೆನ್ನ ಹಿಂದೆ. ಮುಖದ ಜಾಗ ಖಾಲಿ ಬಿಟ್ಟಿದ್ದೇನೆ. ಹಾಗೇ ಬಿಟ್ಟರೆ ಯಾರೋ ಊರವನು ಎಂದಾಗುತ್ತದೆ. ನಿನ್ನ ಮುಖ ಬರೆದರೆ ನೀನಾಗುತ್ತೀಯ. ಸತ್ಕಾರ ಇಟ್ಟುಕೊಂಡ ನಿನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಪುಣೆಯಲ್ಲೇ ಇದ್ದಾರೆ, ಇಪ್ಪತ್ನಾಲ್ಕಕ್ಕೆ ಬರುತ್ತಾರೆ, ಕೇಳುತ್ತಾರೆ. ನಾನು ಹೇಳಬೇಕಾಗುತ್ತದೆ. ಏನು ಮಾಡಲಿ? ಅತ್ತಿಯನ್ನೂ ಕೇಳಿ ಬರೆ. ಇಪ್ಪತ್ತರೊಳಗೆ ಉತ್ತರ ಬರಬೇಕು.

ಮನಿಷಾ


ತಿಕೋಂಡಿ
೧೫ ಮಾರ್ಚ್ ೨೦೨೪

ತಂಗಿ ಮನಿಷಾ,

ನಿನ್ನ ಪತ್ರ ತೆಗೆದುಕೊಂಡು ಮೊದಲು ರೇವಣ್ಣನ ಮನೆಗೆ ಹೋದೆ. ಅವನಿಗೆ ಎಂಬತ್ತಾಗಿದೆ, ಕಣ್ಣು ಮಂಜು. ನಿಂತೇ ಎಲ್ಲ ಹೇಳಿದೆ. ಅವನು ಸಿಟ್ಟಾಗುತ್ತಾನೆ, ಬೈಯುತ್ತಾನೆ ಎಂದುಕೊಂಡಿದ್ದೆ. "ನನ್ನ ಇಬ್ಬರೂ ಮೊಮ್ಮಕ್ಕಳು ನಿಮ್ಮ ಕೈಯಾಗ ಕಲತಾರ್ರಿ ಮಾಸ್ತರ" ಎಂದು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದ. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ದರಿಬಡಚಿಗೆ ಹೋಗಿ ಅತ್ತಿಯನ್ನು ಕರೆತಂದೆ. ಬರುವುದಿಲ್ಲ ಎಂದು ಹಠ ಹಿಡಿದಳು, ಕಾಜಲ್ ಅವಳ ಸೀರೆಗಳನ್ನು ಚೀಲಕ್ಕೆ ತುಂಬಿಯೇಬಿಟ್ಟಳು. ನಮ್ಮ ಬಾಗಿಲಿಗೆ ಬಂದವಳು ಹೊಸ್ತಿಲ ಹೊರಗೆ ನಿಂತಳು. "ಹಿರ್‍ಯಾರ ಮಾತ ಐತಿ. ಕಾಲ ಇಡ್ಲೋ, ಬ್ಯಾಡೋ?" ಎಂದಳು. ನಿನ್ನ ವೈನಿ ದುಂಡವ್ವ, ಅತ್ತಿಯನ್ನು ಹಿಂದೆಂದೂ ನೋಡದವಳು, ಹೋಗಿ ಅವಳ ಕಾಲಿಗೆ ನೀರು ಹಾಕಿ ಕೈ ಹಿಡಿದು ಒಳಗೆ ತಂದಳು. ನಾನು ಒಳಗೆ ಹೋಗಿ ಕುಳಿತು ಅತ್ತೆ. ಮೂರು ದಿನದಿಂದ ಅತ್ತಿ ಇಲ್ಲೇ ಇದ್ದಾಳೆ, ಅಪ್ಪನ ಕಂಬಳಿ ಹೊದ್ದುಕೊಂಡು ಮಲಗುತ್ತಾಳೆ.

ಸತ್ಕಾರ ಬೇಡ ಎಂದು ವಿದ್ಯಾರ್ಥಿಗಳಿಗೆ ತಿಳಿಸಿದ್ದೇನೆ. ಕಾರಣ ಕೇಳುತ್ತಿದ್ದಾರೆ.

ನಿನ್ನ ಪತ್ರವನ್ನು ಅತ್ತಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದಳು. ಉತ್ತರವನ್ನು ಅವಳೇ ಹೇಳಿದ್ದಾಳೆ, ಹೇಳಿದ ಹಾಗೇ ಬರೆದಿದ್ದೇನೆ, ಒಂದಕ್ಷರ ತಿದ್ದಿಲ್ಲ:

"ಮನಿಷಾ, ಚಿತ್ರದಾಗ ನಿಮ್ಮಪ್ಪನ ಕೈಯಾಗ ನೀರ ಕೊಟ್ಟಿ, ಚಲೋ ಮಾಡಿದಿ ನನ್ನವ್ವಾ. ನಾ ಸುಳ್ಳ ಹೇಳಿದ್ನಿ, ಸಿಟ್ಟ ಮಾಡಕೋಬ್ಯಾಡ. ಆದ್ರ ಹಿಂದ ನಿಂತಾಂವಂದು ಮಾರಿ ತಗೀಬ್ಯಾಡ. ಮೂವತ್ತೆಂಟ ವರ್ಷ ನಾ ಮುಚ್ಚೀನಿ, ನೀ ಒಂದ ದಿನದಾಗ ತಗದ ತೋರಸಬ್ಯಾಡ. ಯಾರಂತ ಯಾರರ ಕೇಳಿದ್ರ, ನೆನಪಿಲ್ಲ ಅನ್ನು. ಇದೊಂದ ನನ್ನ ಮಾತ ನಡಸು."

ಅವಳು ಎದುರಿಗೇ ಕುಳಿತಿದ್ದಾಳೆ. ಅವಳಿಗೆ ಓದು ಬರುವುದಿಲ್ಲ, ನಾನು ಮುಂದೆ ಏನು ಬರೆಯುತ್ತಿದ್ದೇನೆ ಎಂದು ತಿಳಿಯುವುದಿಲ್ಲ.

ಅವಳ ಮಾತು ನಡೆಸಬೇಡ. ಆಗಿನ ನನ್ನ ಫೋಟೋ ಒಂದನ್ನು ಇದರೊಳಗೆ ಇಟ್ಟಿದ್ದೇನೆ, ಮುಲಾಖತ್ತಿನ ಅರ್ಜಿಗೆಂದು ಜತ್ತದಲ್ಲಿ ತೆಗೆಸಿದ್ದು. ಮುಖವನ್ನು ಇದರ ಹಾಗೇ ಬರೆ.

ನಿನ್ನ ಅಣ್ಣ
ಅಮಸಿದ್ದ